ಓಟ್ಸ್ ಡಬ್ಬಿಯ ರೇಡಿಯೋ: 1922ರ ಅಮೆರಿಕದ ಮನೆಗಳಲ್ಲಿದ್ದ ಕ್ರಿಸ್ಟಲ್ ಸೆಟ್ ಕಟ್ಟುವ ಬಗೆ

ಈ ರೇಡಿಯೋಗೆ ಬ್ಯಾಟರಿ ಬೇಡ, ಕರೆಂಟು ಬೇಡ, ದನಿ ಹಿಗ್ಗಿಸುವ ಗಾಜಿನ ವಾಲ್ವೂ ಬೇಡ. ರಟ್ಟಿನ ಡಬ್ಬಿಗೆ ಸುತ್ತಿದ ತಾಮ್ರದ ತಂತಿ, ಹುಣಸೆಬೀಜದಷ್ಟು ಗಾತ್ರದ ಸೀಸದ ಅದಿರಿನ ಹರಳು, ಆ ಹರಳಿನ ಮೇಲೆ ತುದಿ ಊರಿ ನಿಲ್ಲುವ ಸಣ್ಣ ತಂತಿ, ಕಿವಿಗೊಂದು ಹೆಡ್‌ಫೋನ್. ಹೊರಗೆ ಅಲೆ ಹಿಡಿಯಲು ನೂರಡಿ ತಂತಿಯ ಏರಿಯಲ್, ಸೆಟ್ಟನ್ನು ನೆಲಕ್ಕೆ ಕೂಡಿಸಲು ಒಂದು ಅರ್ಥ್. ಕೇಳುವ ದನಿಗೆ ಬೇಕಾದ ಶಕ್ತಿಯೆಲ್ಲ ದೂರದ ಪ್ರಸಾರ ಕೇಂದ್ರದ ಅಲೆಗಳಿಂದಲೇ ಬರಬೇಕು. ಅದು ಎಷ್ಟು ಕಡಿಮೆಯೆಂದರೆ, ಸಡಿಲವಾದ ಒಂದು ಕೂಡಿಕೆಯೋ ತೇವ ಹಿಡಿದ ರಟ್ಟೋ ಇದ್ದರೆ ದಾರಿಯಲ್ಲೇ ಸೋರಿಹೋಗುತ್ತದೆ. ದನಿ ಬಾರದಿದ್ದಾಗ ಎಲ್ಲರೂ ಮೊದಲು ಹರಳನ್ನು ಬಯ್ಯುತ್ತಾರೆ. ತಪ್ಪು ಬಹುಪಾಲು ಇರುವುದು ಏರಿಯಲ್ಲಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಅರ್ಥಿನಲ್ಲಿ. ಈ ಬರಹದಲ್ಲಿ ಅವೆರಡಕ್ಕೇ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೇ.

ಕಟ್ಟುವ ಮೊದಲು ಇದು ಯಾವ ಕಾಲದ, ಯಾವ ಮನೆಗಳ ಸಾಮಾನು ಎಂದು ತಿಳಿದಿರಬೇಕು. ಇದರ ರಚನೆಗೆ ಕಾರಣಗಳು ಅಲ್ಲಿಯೇ ಇವೆ. 1917ರ ಏಪ್ರಿಲಿನಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಸರ್ಕಾರ ಹವ್ಯಾಸಿಗಳ ರೇಡಿಯೋಗಳನ್ನೆಲ್ಲ ಮುಚ್ಚಿಸಿತು, ಏರಿಯಲ್ಲುಗಳನ್ನು ಕಳಚಿಸಿತು. ಕೇಳುವುದಕ್ಕೆ ಮತ್ತೆ ಅನುಮತಿ ಸಿಕ್ಕಿದ್ದು 1919ರಲ್ಲಿ. ಅಷ್ಟರಲ್ಲಿ ಸೇನೆಯ ಸಿಗ್ನಲ್ ಕೋರ್‌ನಲ್ಲೂ ನೌಕಾಪಡೆಯಲ್ಲೂ ರೇಡಿಯೋ ವಿದ್ಯೆ ಕಲಿತ ಹುಡುಗರು ಊರುಗಳಿಗೆ ಮರಳಿದ್ದರು. ಪಿಟ್ಸ್‌ಬರ್ಗ್ ಬಳಿ ವೆಸ್ಟಿಂಗ್‌ಹೌಸ್ ಕಂಪನಿಯ ಎಂಜಿನಿಯರ್ ಫ್ರಾಂಕ್ ಕಾನ್ರಾಡ್ ತನ್ನ ಗ್ಯಾರೇಜಿನಿಂದ ಗ್ರಾಮಫೋನ್ ತಟ್ಟೆಗಳನ್ನು ನುಡಿಸುತ್ತಿದ್ದರು. ಅದನ್ನು ಕೇಳಬಯಸುವವರಿಗಾಗಿ 1920ರ ಸೆಪ್ಟೆಂಬರಿನಲ್ಲಿ ಆ ಊರಿನ ಹಾರ್ನ್ ಡಿಪಾರ್ಟ್‌ಮೆಂಟ್ ಸ್ಟೋರ್ 10 ಡಾಲರಿನಿಂದ ಮೇಲ್ಪಟ್ಟು ಸೆಟ್ಟುಗಳಿವೆ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಅದನ್ನು ಕಂಡ ವೆಸ್ಟಿಂಗ್‌ಹೌಸ್ ತಾನೇ ಒಂದು ಕೇಂದ್ರ ತೆರೆಯಿತು. 1920ರ ನವೆಂಬರ್ 2ರ ರಾತ್ರಿ ಆ ಕೇಂದ್ರ, ಅಂದರೆ ಕೆಡಿಕೆಎ, ಹಾರ್ಡಿಂಗ್ ಮತ್ತು ಕಾಕ್ಸ್ ನಡುವಿನ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು 100 ವ್ಯಾಟ್ ಪ್ರಸಾರಕದಿಂದ ಓದಿ ಹೇಳಿತು. ಎರಡು ವರ್ಷ ಕಳೆಯುವಷ್ಟರಲ್ಲಿ ದೇಶದಲ್ಲಿ ಐನೂರಕ್ಕೂ ಹೆಚ್ಚು ಕೇಂದ್ರಗಳಿದ್ದವು.

ಕೇಂದ್ರಗಳೇನೋ ಬಂದವು, ಕೇಳುವ ಪೆಟ್ಟಿಗೆ ದುಬಾರಿ. ವಾಲ್ವ್ ಸೆಟ್ಟಿಗೆ ವಾಲ್ವಿನ ಬೆಲೆಯ ಮೇಲೆ ಮತ್ತೆ ಮತ್ತೆ ಚಾರ್ಜ್ ಮಾಡಿಸಬೇಕಾದ ದೊಡ್ಡ ಬ್ಯಾಟರಿಯ ಖರ್ಚು. ವೆಸ್ಟಿಂಗ್‌ಹೌಸಿನವರ ಸಿದ್ಧ ಕ್ರಿಸ್ಟಲ್ ಸೆಟ್ಟಿಗೂ 25 ಡಾಲರ್. ಹೊಲದ ಮನೆಗಳಲ್ಲಿ ಹತ್ತರಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ ತಲುಪಿದ್ದು ದಶಕದ ಕೊನೆಗೆ. ಹೀಗಿರುವಾಗ 1922ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ 120ನೇ ಸಂಖ್ಯೆಯ ಸುತ್ತೋಲೆ ಹೊರಡಿಸಿ, ಸುಮಾರು 10 ಡಾಲರಿನಲ್ಲಿ ಮನೆಯಲ್ಲೇ ಸೆಟ್ ಕಟ್ಟುವುದನ್ನು ಹಂತಹಂತವಾಗಿ ಹೇಳಿಕೊಟ್ಟಿತು. ಕೃಷಿ ಇಲಾಖೆಯ ಕೋರಿಕೆಯ ಮೇರೆಗೆ ಹುಡುಗ ಹುಡುಗಿಯರ ರೇಡಿಯೋ ಕ್ಲಬ್ಬುಗಳಿಗಾಗಿ ಸಿದ್ಧವಾದ ಸುತ್ತೋಲೆ ಅದು. ಇಲ್ಲಿ ಕಟ್ಟುವ ಸೆಟ್ಟಿನ ಅಳತೆಗಳು ಆ ಮಾದರಿಯವು. ಇವತ್ತು ಸಿಗದ ಸಾಮಾನಿಗೆ ಬದಲಿಯನ್ನು ಅಲ್ಲಲ್ಲೇ ಹೇಳಿದೆ.

ಇನ್ನೊಂದು ಮಾತು. 1922ರ ಆರಂಭದಲ್ಲಿ ಮನರಂಜನೆಯ ಪ್ರಸಾರವೆಲ್ಲ ಒಂದೇ ಅಲೆಯುದ್ದದಲ್ಲಿ, 360 ಮೀಟರಿನಲ್ಲಿ, ಅಂದರೆ ಸುಮಾರು 833 ಕಿಲೋಹರ್ಟ್ಸಿನಲ್ಲಿ ನಡೆಯುತ್ತಿತ್ತು. ಹವಾಮಾನಕ್ಕೂ ಮಾರುಕಟ್ಟೆ ಧಾರಣೆಗೂ 485 ಮೀಟರ್. ಒಂದೇ ಊರಿನ ಕೇಂದ್ರಗಳು ಹೊತ್ತು ಹಂಚಿಕೊಂಡು ಸರದಿಯಂತೆ ಮಾತಾಡುತ್ತಿದ್ದವು. ಆದ್ದರಿಂದ ಎರಡು ಕೇಂದ್ರಗಳನ್ನು ಬೇರ್ಪಡಿಸುವ ಚಾತುರ್ಯ ಈ ಸೆಟ್ಟಿಗೆ ಬೇಕಿರಲಿಲ್ಲ, ಅದು ಇದರಲ್ಲಿ ಇಲ್ಲ. ಇರುವ ಒಂದು ದನಿಯನ್ನು ಆದಷ್ಟು ಪೂರ್ತಿಯಾಗಿ ಕಿವಿಗೆ ತಲುಪಿಸುವುದಷ್ಟೇ ಇದರ ಕೆಲಸ.

ಸುರುಳಿ

4 ಇಂಚು ಅಡ್ಡಳತೆಯ ರಟ್ಟಿನ ಕೊಳವೆ ಬೇಕು. ಅಮೆರಿಕದ ಅಡುಗೆಮನೆಗಳಲ್ಲಿ ಓಟ್ಸ್ ಬರುತ್ತಿದ್ದ ದುಂಡನೆಯ ಡಬ್ಬಿ ಅಷ್ಟೇ ಗಾತ್ರದ್ದಾಗಿದ್ದರಿಂದ ಲಕ್ಷಾಂತರ ಮನೆಗಳ ಸೆಟ್ಟು ಅದರ ಮೇಲೇ ಎದ್ದಿತು. ಈಗ ಕ್ವೇಕರ್ ಓಟ್ಸಿನ ದೊಡ್ಡ ಡಬ್ಬಿ 5 ಇಂಚಿನದು, ಚಿಕ್ಕದು 4 ಇಂಚಿನ ಹತ್ತಿರ. ಅಳೆದೇ ತೆಗೆದುಕೊಳ್ಳಿ. ಡಬ್ಬಿ ಸಿಗದಿದ್ದರೆ ಬಟ್ಟೆ ಸುತ್ತಿ ಬರುವ ದಪ್ಪ ರಟ್ಟಿನ ಕೊಳವೆ ಆಗುತ್ತದೆ. ಅಡ್ಡಳತೆ ಅರ್ಧ ಇಂಚು ಹೆಚ್ಚು ಕಡಿಮೆಯಾದರೂ ಸುತ್ತಿನ ಲೆಕ್ಕದಲ್ಲಿ ಸರಿದೂಗಿಸಬಹುದು.

ಆ ಕಾಲದ ತಂತಿ ಅಮೆರಿಕದ 24 ಗೇಜಿನದು, ಮೇಲೆ ಎರಡು ಪದರ ಹತ್ತಿ ನೂಲಿನ ಹೊದಿಕೆ. ಅದರ ತಾಮ್ರದ ದಪ್ಪ 0.51 ಮಿಲಿಮೀಟರ್. ನಮ್ಮ ಮೋಟಾರ್ ರಿವೈಂಡಿಂಗ್ ಅಂಗಡಿಗಳಲ್ಲಿ ಗೇಜ್ ಬ್ರಿಟಿಷ್ ಲೆಕ್ಕದ್ದು. ಅಲ್ಲಿ 24 ಎಂದು ಕೇಳಿದರೆ 0.56 ಮಿಲಿಮೀಟರ್ ಕೊಡುತ್ತಾರೆ, 25 ಎಂದರೆ 0.51. ಎರಡೂ ನಡೆಯುತ್ತವೆ. ಎನಾಮಲ್ ಹಚ್ಚಿದ ವೈಂಡಿಂಗ್ ತಂತಿ 35 ಮೀಟರ್ ತನ್ನಿ: 80 ಸುತ್ತಿಗೆ ಸುಮಾರು 26 ಮೀಟರ್ ಹೋಗುತ್ತದೆ, ಉಳಿದದ್ದು ನಡುವೆ ಎಳೆಯುವ ಕುಣಿಕೆಗಳಿಗೆ. ನಡುವೆ ತುಂಡಾದರೆ ಬೆಸೆದು ಮುಂದುವರಿಸಬಹುದು, ಆದರೆ ಆ ಬೆಸುಗೆ ಸುತ್ತಿನ ಕೆಳಗೆ ಅಡಗಿ ಮುಂದೆ ಕಾಟ ಕೊಡುತ್ತದೆ. ಒಂದೇ ಉದ್ದದ ತಂತಿಯೇ ಒಳ್ಳೆಯದು.

ಸುತ್ತುವ ಮೊದಲು ಡಬ್ಬಿಯನ್ನು ಒಣಗಿಸಬೇಕು. ರಟ್ಟು ಗಾಳಿಯ ತೇವವನ್ನು ಹೀರುತ್ತದೆ, ತೇವದ ರಟ್ಟು ಅಲೆಯ ಶಕ್ತಿಯನ್ನು ಕುಡಿಯುತ್ತದೆ. ಒಂದು ದಿನ ಖಾರ ಬಿಸಿಲಿನಲ್ಲಿಡಿ, ಅಥವಾ ಆರಿಸಿದ ಬಿಸಿ ಒಲೆಯ ಒಳಗೆ ಅರ್ಧ ಗಂಟೆ. ಬಿಸಿ ಇರುವಾಗಲೇ ಕರಗಿದ ಪ್ಯಾರಾಫಿನ್ ಮೇಣವನ್ನು ಒಳಹೊರಗೆ ತೆಳ್ಳಗೆ ಹಚ್ಚಿ. ಮೇಣವನ್ನು ನೇರ ಉರಿಯ ಮೇಲೆ ಕರಗಿಸಬೇಡಿ, ಹೊತ್ತಿಕೊಳ್ಳುತ್ತದೆ. ನೀರು ಕುದಿಯುವ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ಆ ದಿನಗಳಲ್ಲಿ ಅನೇಕರು ಅರಗಿನ ವಾರ್ನಿಷ್ ಬಳಿಯುತ್ತಿದ್ದರು. ಒಂದು ಕೈ ಸಾಕು. ಸುತ್ತಿದ ಮೇಲೆ ಹೊಳಪಿಗೆಂದು ಮೂರು ನಾಲ್ಕು ಕೈ ಬಳಿದರೆ ತಂತಿಗಳ ನಡುವೆ ವಾರ್ನಿಷ್ ತುಂಬಿ ಸುರುಳಿಯ ಗುಣ ಕೆಡುತ್ತದೆ. ನೋಡಲು ಚೆಂದವಿದ್ದು ಮೂಕವಾಗಿರುವ ಸುರುಳಿಗಳು ಹುಟ್ಟುವುದು ಹೀಗೆ.

ಈಗ ಸುತ್ತುವುದು. ಡಬ್ಬಿಯ ಅಂಚಿನಿಂದ ಅರ್ಧ ಇಂಚು ಬಿಟ್ಟು ಎರಡು ಸಣ್ಣ ತೂತು ಮಾಡಿ, ತಂತಿಯನ್ನು ಒಂದರಲ್ಲಿ ಒಳಗೆ ಇಳಿಸಿ ಇನ್ನೊಂದರಿಂದ ಹೊರಗೆ ತೆಗೆದು ಬಿಗಿ ಮಾಡಿ. 10 ಇಂಚು ಬಾಲ ಬಿಡಿ. ತಂತಿಯ ರೀಲನ್ನು ಇನ್ನೊಬ್ಬರು ಹಿಡಿದಿರಲಿ. ನೀವು ಡಬ್ಬಿಯನ್ನು ತಿರುಗಿಸಿ, ತಂತಿಯನ್ನಲ್ಲ. ಸುತ್ತಿಗೆ ಸುತ್ತು ತಾಗಿಯೇ ಕೂರಬೇಕು, ಒಂದರ ಮೇಲೊಂದು ಹತ್ತಬಾರದು. 10 ಸುತ್ತು ಆದ ಕೂಡಲೇ 6 ಇಂಚಿನ ಕುಣಿಕೆ ಎಳೆದು, ಬುಡದಿಂದ ಹುರಿಗೊಳಿಸಿ, ಸುತ್ತು ಮುಂದುವರಿಸಿ. ಹೀಗೆ 10, 20, 30 ಎಂದು 70ರವರೆಗೆ ಏಳು ಕುಣಿಕೆ. ಮೊದಲ ಬಾಲವೂ ಸೇರಿ ಎಂಟು ತುದಿಗಳಾದವು. 70ರ ನಂತರ ಪ್ರತಿ ಸುತ್ತಿಗೂ ಒಂದು ಕುಣಿಕೆ: 71, 72 ಎಂದು 79ರವರೆಗೆ, 80ನೆಯದು ಕೊನೆಯ ಬಾಲ. ಇಲ್ಲಿ ಹತ್ತು ತುದಿ. ಕುಣಿಕೆಗಳೆಲ್ಲ ಒಂದೇ ಗೆರೆಯಲ್ಲಿ ಬಂದರೆ ಒಂದಕ್ಕೊಂದು ತಾಗುತ್ತವೆ; ಪ್ರತಿಯೊಂದನ್ನೂ ಅರ್ಧ ಇಂಚು ಪಕ್ಕಕ್ಕೆ ಸರಿಸಿ, ಮೆಟ್ಟಿಲಿನಂತೆ ಏರಲಿ.

ಕುಣಿಕೆಯ ತುದಿಯನ್ನು ಉಪ್ಪುಕಾಗದದಿಂದ ತಿಕ್ಕಿ ಕೆಂಪು ತಾಮ್ರ ಮಿನುಗುವಂತೆ ಮಾಡಬೇಕು. ಎನಾಮಲ್ ತಂತಿಯಲ್ಲಿ ಇದನ್ನು ಮರೆಯುವವರೇ ಹೆಚ್ಚು: ಎನಾಮಲ್ಲಿನ ಬಣ್ಣವೂ ತಾಮ್ರದಂತೆಯೇ ಇರುವುದರಿಂದ ಸುಲಿದಿದೆ ಎಂದು ಕಣ್ಣು ನಂಬಿಬಿಡುತ್ತದೆ. ಕುಣಿಕೆಯಲ್ಲಿ ತಂತಿ ಎರಡೆಳೆ ಇರುತ್ತದೆಂಬುದು ನೆನಪಿರಲಿ. ಎರಡನ್ನೂ ಸುಲಿದು ಒಟ್ಟಿಗೇ ಬೆಸೆಯಬೇಕು. ಒಂದನ್ನೇ ಬೆಸೆದರೆ ಸುರುಳಿ ಅಲ್ಲಿಗೇ ತುಂಡಾದಂತೆ.

ಮೇಣ ಕುಡಿಸಿ ಒಣಗಿಸಿದ ಮರದ ಹಲಗೆಯಲ್ಲಿ ಹಿತ್ತಾಳೆಯ ಸ್ಕ್ರೂಗಳನ್ನು ಎರಡು ಅರ್ಧ ವೃತ್ತಗಳಾಗಿ ಕೂರಿಸಿ: ಎಡಕ್ಕೆ ಎಂಟು, ಬಲಕ್ಕೆ ಹತ್ತು. ಪ್ರತಿ ಅರ್ಧ ವೃತ್ತದ ನಡುವೆ ಹಿತ್ತಾಳೆ ಪಟ್ಟಿಯ ಒಂದು ತಿರುಗು ಕೈ. ಎಡಗೈ ಹತ್ತು ಹತ್ತು ಸುತ್ತಿನ ದೊಡ್ಡ ಹೆಜ್ಜೆ ಇಡುತ್ತದೆ, ಬಲಗೈ ಒಂದೊಂದು ಸುತ್ತಿನ ಸಣ್ಣ ಹೆಜ್ಜೆ. ಎರಡು ಕೈಗಳಿಂದ 1ರಿಂದ 80ರವರೆಗೆ ಯಾವ ಸಂಖ್ಯೆಯ ಸುತ್ತು ಬೇಕಾದರೂ ಸಿಗುತ್ತದೆ; ಸೆಟ್ಟನ್ನು ಕೇಂದ್ರದ ಅಲೆಯುದ್ದಕ್ಕೆ ಹೊಂದಿಸುವುದು ಹೀಗೆ. 30 ಸುತ್ತಿಗೆ ಎಡಗೈಯನ್ನು 50ರ ಸ್ಕ್ರೂ ಮೇಲೆ, ಬಲಗೈಯನ್ನು 80ರ ಮೇಲೆ ಇಡಿ. ಒಂದೊಂದೇ ಸುತ್ತಿನ ವ್ಯತ್ಯಾಸ ಕಿವಿಗೆ ಸ್ಪಷ್ಟವಾಗುವುದು ಕಿರು ಅಲೆಯುದ್ದದ ಕಡೆ, ಅಂದರೆ ಒಟ್ಟು 15–20 ಸುತ್ತು ಬಳಸುವಾಗ. 50 ಸುತ್ತಿನ ಆಸುಪಾಸಿನಲ್ಲಿ ಅದು ಹೆಚ್ಚು ಲೆಕ್ಕಕ್ಕಿಲ್ಲ. ಹದಿನೆಂಟು ತುದಿ ಬೆಸೆಯುವ ತಾಳ್ಮೆ ಇಲ್ಲದವರು ಐದು ಸುತ್ತಿಗೊಂದರಂತೆ ಹದಿನಾರೇ ತುದಿ ತೆಗೆದು ಒಂದೇ ಕೈ ಇಟ್ಟುಕೊಂಡರೂ ಸೆಟ್ಟು ಮಾತಾಡುತ್ತದೆ.

ಹರಳು ಮತ್ತು ಬೆಕ್ಕಿನ ಮೀಸೆ

ಪ್ರಸಾರದ ಅಲೆ ಸೆಕೆಂಡಿಗೆ ಲಕ್ಷಾಂತರ ಸಲ ಹಿಂದೆ ಮುಂದೆ ತೂಗುತ್ತದೆ. ಹೆಡ್‌ಫೋನಿನ ತಗಡಿಗೆ ಆ ವೇಗದಲ್ಲಿ ಅಲುಗಲಾಗುವುದಿಲ್ಲ. ತೂಗಾಟದ ಒಂದು ದಿಕ್ಕನ್ನು ಮಾತ್ರ ಹರಿಯಬಿಟ್ಟು ಇನ್ನೊಂದನ್ನು ತಡೆದರೆ ಅಲೆಯ ಮೇಲೆ ಕೂತು ಬಂದ ಮಾತಿನ ಏರಿಳಿತವಷ್ಟೇ ತಗಡಿಗೆ ಸಿಗುತ್ತದೆ. ಹರಳಿಗೂ ತಂತಿಯ ತುದಿಗೂ ನಡುವಿನ ಸೂಜಿಮೊನೆಯಷ್ಟು ಸ್ಪರ್ಶ ಈ ಕೆಲಸ ಮಾಡುತ್ತದೆ. ಗೆಲಿನಾ ಎಂಬ ಈ ಸೀಸದ ಅದಿರಿನ ಹರಳನ್ನು ಹೀಗೆ ಬಳಸುವ ಉಪಾಯಕ್ಕೆ ಅಮೆರಿಕದ ಪೇಟೆಂಟ್ ಪಡೆದವರು ಕಲ್ಕತ್ತೆಯ ಜಗದೀಶ ಚಂದ್ರ ಬೋಸ್: 1901ರಲ್ಲಿ ಅರ್ಜಿ, 1904ರಲ್ಲಿ 7,55,840ನೇ ಪೇಟೆಂಟ್. ಓಟ್ಸ್ ಡಬ್ಬಿಯ ಪಕ್ಕದಲ್ಲಿ ಕೂತ ಹರಳಿನ ಹಿಂದೆ ಆ ಕೆಲಸವಿದೆ ಎಂಬುದು ನಮ್ಮವರಿಗೆ ಗೊತ್ತಿರಬೇಕು.

ಗೆಲಿನಾ ಎಂದರೆ ಸೀಸ ಮತ್ತು ಗಂಧಕ ಸೇರಿದ ಅದಿರು. ಬೆಳ್ಳಿಯ ಹೊಳಪು, ಒಡೆದರೆ ಚೌಕಚೌಕವಾಗಿ ಬಿಡಿಸಿಕೊಳ್ಳುತ್ತದೆ. ಖನಿಜ ಮಾರುವವರ ಬಳಿ ಸಿಗುತ್ತದೆ. ಕನ್ನಡಿಯಂಥ ದೊಡ್ಡ ಮುಖಗಳ ತುಂಡಿಗಿಂತ ಸಣ್ಣ ಕಣಗಳ, ಉಕ್ಕಿನ ಮುರಿದ ಮುಖದಂತೆ ಕಾಣುವ ತುಂಡು ಎಷ್ಟೋ ಸಲ ಚೆನ್ನಾಗಿ ಕೆಲಸ ಮಾಡುತ್ತದೆ. ನಾಲ್ಕೈದು ತುಂಡು ತಂದು ಪರೀಕ್ಷಿಸಿಯೇ ಒಂದನ್ನು ಆರಿಸಿ. ಇದರಲ್ಲಿ ಸೀಸವಿದೆ: ಅರೆಯಬೇಡಿ, ಉಜ್ಜಬೇಡಿ, ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಹರಳನ್ನು ಲೋಹದ ಬಟ್ಟಲಿನಲ್ಲಿ ಕೂರಿಸಬೇಕು. ಹಿಂಬದಿಯ ಸ್ಪರ್ಶ ಅಗಲವಾಗಿ, ಗಟ್ಟಿಯಾಗಿ ಇರಬೇಕು. ಆ ಕಾಲದವರು ಸುಮಾರು 70 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುವ ವುಡ್ಸ್ ಲೋಹವನ್ನು ಸುರಿದು ನೆಡುತ್ತಿದ್ದರು. ಮಾಮೂಲಿ ಬೆಸುಗೆಯ ಸೀಸ ಬಳಸಿದರೆ ಅದರ ಕಾವಿಗೆ ಹರಳು ಸತ್ತೇ ಹೋಗುತ್ತದೆ. ವುಡ್ಸ್ ಲೋಹದಲ್ಲಿ ಕ್ಯಾಡ್ಮಿಯಂ ಇರುವುದರಿಂದ ಈಗ ಮನೆಯಲ್ಲಿ ಅದರ ಗೊಡವೆ ಬೇಡ. ಹರಳಿನ ಕೆಳಭಾಗಕ್ಕೆ ಅಡುಗೆಯ ಅಲ್ಯೂಮಿನಿಯಂ ಹಾಳೆಯನ್ನು ಮಡಿಚಿ ಸುತ್ತಿ, ಸಣ್ಣ ಹಿತ್ತಾಳೆ ಬಟ್ಟಲಿಗೆ ಒತ್ತಿ ತುರುಕಿ, ಪಕ್ಕದಿಂದ ಒಂದು ಸ್ಕ್ರೂ ಬಿಗಿಮಾಡಿ. ಮೇಲ್ಮುಖವನ್ನು ಬೆರಳಿನಿಂದ ಮುಟ್ಟಲೇಬಾರದು. ಚರ್ಮದ ಜಿಡ್ಡು ಕಾಣದ ಪರೆಯಾಗಿ ಕೂತು ಸ್ಪರ್ಶವನ್ನು ತಡೆಯುತ್ತದೆ. ಇಕ್ಕಳದಿಂದ ಹಿಡಿಯಿರಿ, ಜಿಡ್ಡಾದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ.

ಮೇಲಿನ ತಂತಿಗೆ ಅಮೆರಿಕದವರು ಇಟ್ಟ ಹೆಸರು ಬೆಕ್ಕಿನ ಮೀಸೆ. ಫಾಸ್ಫರ್ ಬ್ರಾಂಜ್ ಅಥವಾ ಹಿತ್ತಾಳೆಯ 28–30 ಗೇಜಿನ ತಂತಿ 2 ಇಂಚು. ಪೆನ್ಸಿಲ್ ಸೀಸದ ಕಡ್ಡಿಯಷ್ಟು ತೆಳುವಾದ ಯಾವುದಕ್ಕಾದರೂ ನಾಲ್ಕೈದು ಸುತ್ತು ಸುತ್ತಿ ತೆಗೆದರೆ ಸ್ಪ್ರಿಂಗಾಗುತ್ತದೆ. ತುದಿಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿ ಮೊನಚು ಮಾಡಿ. ಮೃದು ತಾಮ್ರ ಬೇಡ, ಸ್ಪ್ರಿಂಗಿನ ಗುಣ ಅದಕ್ಕಿಲ್ಲ. ಈ ಮೀಸೆಯನ್ನು ಎಲ್ಲ ದಿಕ್ಕಿಗೂ ತಿರುಗುವ ಒಂದು ಹಿಡಿಗೆ ಸಿಕ್ಕಿಸಿ. ಗೆಲಿನಾಗೆ ಒತ್ತಡ ತೀರ ಹಗುರಾಗಿರಬೇಕು, ಕಾಗದದ ಮೇಲೆ ನೊಣ ಕೂತಂತೆ. ಒತ್ತಿದರೆ ದನಿ ನಿಲ್ಲುತ್ತದೆ. ಕಬ್ಬಿಣದ ಪೈರೈಟ್ ಹರಳಾದರೆ ತುಸು ಹೆಚ್ಚು ಒತ್ತಡ ಕೇಳುತ್ತದೆ, ಆದರೆ ಒಮ್ಮೆ ಕೂತ ಜಾಗ ಬೇಗ ಜಾರುವುದಿಲ್ಲ. ಕ್ಷೌರದ ಬ್ಲೇಡು ಮತ್ತು ಪೆನ್ಸಿಲ್ ಸೀಸದಿಂದ ಮಾಡುವ ಸೆಟ್ಟೂ ಇದೇ ಕಾಲದ್ದೆಂದು ಹಲವರು ತಿಳಿದಿದ್ದಾರೆ. ಅದು ಎರಡನೇ ಮಹಾಯುದ್ಧದ ಸೈನಿಕರ ಉಪಾಯ.

ಹರಳಿನ ಮುಖದ ಮೇಲೆಲ್ಲ ಕೆಲಸ ಮಾಡುವ ಚುಕ್ಕೆಗಳಿರುವುದಿಲ್ಲ. ಹುಡುಕಬೇಕು. ಕೇಂದ್ರದ ದನಿಗಾಗಿ ಕಾಯುತ್ತ ಹುಡುಕಿದರೆ ಹರಳು ಸರಿಯಿಲ್ಲವೋ, ಕೇಂದ್ರವೇ ಸುಮ್ಮನಿದೆಯೋ ತಿಳಿಯದು. ಅದಕ್ಕೇ ಒಂದು ಸಣ್ಣ ಬಜರ್ ಇಟ್ಟುಕೊಳ್ಳುತ್ತಿದ್ದರು. ಒಣ ಬ್ಯಾಟರಿಗೆ ಬಜರ್ ಜೋಡಿಸಿ, ಅದರ ಕಿಡಿ ಹಾರುವ ತುದಿಯಿಂದ ಒಂದೇ ಒಂದು ತಂತಿಯನ್ನು ಸೆಟ್ಟಿನ ಅರ್ಥ್ ತಂತಿಗೆ ತಾಗಿಸಿ. ಬಜರ್ ಗುಂಯ್‌ಗುಟ್ಟುವಾಗ ಹೆಡ್‌ಫೋನ್ ಹಾಕಿಕೊಂಡು ಮೀಸೆಯನ್ನು ಎತ್ತಿ ಎತ್ತಿ ಇಡಿ. ಗುಂಯ್ ಎನ್ನುವುದು ಎಲ್ಲಿ ಜೋರಾಗಿ ಕೇಳುತ್ತದೋ ಅಲ್ಲಿ ಬಿಟ್ಟು ಬಜರ್ ನಿಲ್ಲಿಸಿ. ಇದಕ್ಕೆ ಕಿಡಿ ಹಾರಿಸುವ ಹಳೆಯ ಮಾದರಿಯ ಬಜರೇ ಆಗಬೇಕು. ಎಲೆಕ್ಟ್ರಾನಿಕ್ ಬಜರ್ ಕೆಲಸಕ್ಕೆ ಬರುವುದಿಲ್ಲ. ಹರಳಿನ ಸಹವಾಸವೇ ಬೇಡವೆನ್ನುವವರು ಅದರ ಕೆಲಸವನ್ನೇ ಮಾಡುವ 1ಎನ್34ಎ ಎಂಬ ಜರ್ಮೇನಿಯಂ ಡಯೋಡ್ ಬಳಸಬಹುದು. ಸಾಮಾನ್ಯ ಸಿಲಿಕಾನ್ ಡಯೋಡ್ ಸುಮಾರು ಅರ್ಧ ವೋಲ್ಟ್ ಬಾರದೆ ಬಾಗಿಲು ತೆರೆಯದು, ಅಷ್ಟು ಇಲ್ಲಿ ಸಿಗುವುದಿಲ್ಲ. ಮೊದಲು ಡಯೋಡಿನಿಂದ ಸೆಟ್ಟು ಮಾತಾಡುವಂತೆ ಮಾಡಿ, ಆಮೇಲೆ ಅದನ್ನು ತೆಗೆದು ಹರಳು ಹಾಕುವುದು ಜಾಣತನ. ದೋಷ ಎಲ್ಲಿದೆಯೆಂಬ ಗೊಂದಲ ಅರ್ಧಕ್ಕೆ ಇಳಿಯುತ್ತದೆ.

ಹೆಡ್‌ಫೋನ್

10 ಡಾಲರಿನಲ್ಲಿ ಅರ್ಧದಷ್ಟು ಇದಕ್ಕೇ ಹೋಗುತ್ತಿತ್ತು. ಸೂಕ್ಷ್ಮ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ, ಜೋಡಿಗೆ 2,000 ಓಮ್ ಅಥವಾ ಹೆಚ್ಚಿನದು ಬೇಕು. ಈಗಿನ ಮೊಬೈಲಿನ 16 ಅಥವಾ 32 ಓಮಿನ ಇಯರ್‌ಫೋನ್ ನೇರವಾಗಿ ಹಾಕಿದರೆ ಏನೂ ಕೇಳದು. ಹಳೆಯದು ಸಿಗದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಪೀಜೋ ಕ್ರಿಸ್ಟಲ್ ಇಯರ್‌ಪೀಸ್ ತಂದು, ಅದಕ್ಕೆ ಅಡ್ಡಲಾಗಿ 47 ಕಿಲೋಓಮ್ ರೆಸಿಸ್ಟರ್ ಹಾಕಿ. ಪೀಜೋ ಮೂಲಕ ನೇರ ಕರೆಂಟು ಹರಿಯುವುದಿಲ್ಲ, ರೆಸಿಸ್ಟರ್ ಇಲ್ಲದಿದ್ದರೆ ಡಯೋಡ್ ಕಟ್ಟಿಕೊಂಡು ದನಿ ಕರಕರ ಎನ್ನುತ್ತದೆ. ಹೆಡ್‌ಫೋನಾದರೆ ಅಡ್ಡಲಾಗಿ 0.001 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುವ ರೂಢಿಯಿತ್ತು. ಇಲ್ಲದೆಯೂ ನಡೆಯುತ್ತದೆ.

ಏರಿಯಲ್ ಮತ್ತು ಅರ್ಥ್

ಒಂದೇ ತಂತಿ, 100 ಅಡಿ ಉದ್ದ, 30 ಅಡಿ ಎತ್ತರ. 14 ಅಥವಾ 16 ಗೇಜಿನ ತಾಮ್ರ. ಇಷ್ಟು ಜಾಗವಿಲ್ಲದಿದ್ದರೆ ಉದ್ದಕ್ಕಿಂತ ಎತ್ತರವನ್ನು ಕಾಪಾಡಿ: ನೆಲದಿಂದ 10 ಅಡಿಯಲ್ಲಿರುವ ನೂರಡಿ ತಂತಿಗಿಂತ 30 ಅಡಿಯಲ್ಲಿರುವ 60 ಅಡಿ ತಂತಿ ಮೇಲು. ಎರಡು ತುದಿಗೂ ಪಿಂಗಾಣಿ ಇನ್ಸುಲೇಟರ್, ಅದರಾಚೆಗೆ ಹಗ್ಗ. ಮರಕ್ಕೆ ಕಟ್ಟಿದ ತುದಿಯಲ್ಲಿ ಒಂದು ರಾಟೆ ಹಾಕಿ ಹಗ್ಗಕ್ಕೆ ಭಾರ ತೂಗುಬಿಡಿ. ಗಾಳಿಗೆ ಮರ ತೂಗಿದಾಗ ಹಗ್ಗ ಸರಿಯುತ್ತದೆ, ತಂತಿ ಹರಿಯುವುದಿಲ್ಲ. ತಂತಿ ಮನೆಯೊಳಕ್ಕೆ ಬರುವಲ್ಲಿ ಗೋಡೆಯ ತೂತಿಗೆ ಪಿಂಗಾಣಿ ಕೊಳವೆ ಹಾಕಿ, ಹೊರಗಿನ ಬಾಯಿ ಕೆಳಮುಖವಾಗಿರಲಿ, ಮಳೆನೀರು ಒಳಗೆ ಹರಿಯದಂತೆ. ತಂತಿ ಗೋಡೆಯನ್ನೋ ಎಲೆಗಳನ್ನೋ ತಾಗುತ್ತಿದ್ದರೆ ಒಣ ದಿನಗಳಲ್ಲಿ ದನಿ ಇರುತ್ತದೆ, ಮಳೆ ಬಿದ್ದ ಕೂಡಲೇ ಹೋಗುತ್ತದೆ.

ವಿದ್ಯುತ್ ಕಂಬದ ತಂತಿಗಳ ಮೇಲೆ, ಕೆಳಗೆ, ಅಥವಾ ಬಿದ್ದರೆ ತಾಗುವಷ್ಟು ಹತ್ತಿರ ಏರಿಯಲ್ ಎಳೆಯಲೇಬೇಡಿ. ಇದರಲ್ಲಿ ಜನ ಸತ್ತಿದ್ದಾರೆ. ಕಂಬಕ್ಕೆ ಏರಿಯಲ್ ಕಟ್ಟುವುದೂ ಬೇಡ.

ಅರ್ಥಿಗೆ ಆಗಿನ ಮನೆಗಳಲ್ಲಿ ತಣ್ಣೀರಿನ ಕಬ್ಬಿಣದ ಪೈಪೇ ಗತಿ. ಬಣ್ಣ, ತುಕ್ಕು ಕೆರೆದು ಲೋಹ ಕಂಡ ಮೇಲೆ ಕ್ಲಾಂಪ್ ಬಿಗಿಯುತ್ತಿದ್ದರು. ಗ್ಯಾಸ್ ಪೈಪನ್ನು ಮುಟ್ಟಬಾರದೆಂಬ ಎಚ್ಚರಿಕೆ ಆಗಲೂ ಇತ್ತು, ಈಗಲೂ ಇದೆ. ಇಂದಿನ ಪ್ಲಾಸ್ಟಿಕ್ ಪೈಪು ಅರ್ಥ್ ಆಗುವುದಿಲ್ಲ. ನಲ್ಲಿಗೆ ತಂತಿ ಸುತ್ತಿ, ಸೆಟ್ಟು ಯಾಕೆ ಮೂಕವಾಗಿದೆ ಎಂದು ಕೂತವರು ಗೋಡೆಯೊಳಗಿನ ಪೈಪು ಯಾವುದೆಂದು ನೋಡಿಕೊಳ್ಳಿ. 6ರಿಂದ 8 ಅಡಿಯ ತಾಮ್ರ ಲೇಪಿತ ಸಲಾಕೆಯನ್ನು ಸದಾ ತೇವವಿರುವ ಕಡೆ, ಬಚ್ಚಲ ನೀರು ಹರಿಯುವಲ್ಲಿಯೋ ಬಾಳೆಯ ಬುಡದಲ್ಲಿಯೋ, ಪೂರ್ತಿ ಹೊಡೆಯಿರಿ. ಅಲ್ಲಿಂದ ಸೆಟ್ಟಿಗೆ ದಪ್ಪ ತಂತಿ, ಆದಷ್ಟು ಗಿಡ್ಡವಾಗಿ. ಬೇಸಿಗೆಯಲ್ಲಿ ದನಿ ಇಳಿಯುತ್ತ ಬಂದರೆ ಸಲಾಕೆಯ ಬುಡಕ್ಕೆ ಎರಡು ಕೊಡ ನೀರು ಹಾಕಿ ನೋಡಿ. ಮನೆಯ ಪ್ಲಗ್ಗಿನ ಅರ್ಥ್ ತೂತಿಗೆ ತಂತಿ ತುರುಕುವುದು ಅಪಾಯ, ಮಾಡಬೇಡಿ.

ಸಿಡಿಲಿನಿಂದ ಕಾಪಾಡಲು ಏರಿಯಲ್ ಮತ್ತು ಅರ್ಥ್ ತಂತಿಗಳ ನಡುವೆ ಮನೆಯ ಹೊರಗೋಡೆಯಲ್ಲಿ ಒಂದು ಚಾಕು ಸ್ವಿಚ್ ಇರಬೇಕು: ಒಂದು ಕಡೆ ಒತ್ತಿದರೆ ಏರಿಯಲ್ ಸೆಟ್ಟಿಗೆ, ಇನ್ನೊಂದು ಕಡೆ ಒತ್ತಿದರೆ ನೇರ ನೆಲಕ್ಕೆ. ಆಗ 30 ಆಂಪಿಯರಿನ, ಪಿಂಗಾಣಿ ತಳದ ಸ್ವಿಚ್ ಹಾಕುತ್ತಿದ್ದರು. ಸ್ವಿಚ್ಚಿನಿಂದ ನೆಲಕ್ಕೆ ಹೋಗುವ ತಂತಿ 14 ಗೇಜಿಗಿಂತ ತೆಳುವಿರಬಾರದು, ತಿರುವುಗಳಿಲ್ಲದೆ ನೆಟ್ಟಗೆ ಇಳಿಯಬೇಕು.

ಜೋಡಣೆ, ಆಲಿಸುವುದು

ಬಲಗೈಯ ತಿರುಗುಗೂಟದಿಂದ ಒಂದು ತಂತಿ ಏರಿಯಲ್ ಟರ್ಮಿನಲ್ಲಿಗೆ. ಎಡಗೈಯ ಗೂಟದಿಂದ ಅರ್ಥ್ ಟರ್ಮಿನಲ್ಲಿಗೆ. ಏರಿಯಲ್ ಟರ್ಮಿನಲ್ಲಿನಿಂದ ಹರಳಿಗೆ, ಮೀಸೆಯಿಂದ ಹೆಡ್‌ಫೋನಿನ ಒಂದು ತುದಿಗೆ, ಇನ್ನೊಂದು ತುದಿ ಅರ್ಥಿಗೆ. ಇಷ್ಟೇ. ಹರಳು, ಮೀಸೆ ಅದಲು ಬದಲಾದರೂ ದನಿಗೆ ತೊಂದರೆಯಿಲ್ಲ. ಪ್ರತಿ ಕೂಡಿಕೆಯನ್ನೂ ಬೆಸೆಯಿರಿ. ಹುರಿಗೊಳಿಸಿ ಬಿಟ್ಟ ತಂತಿ ಒಂದು ತಿಂಗಳಲ್ಲಿ ಕಪ್ಪಾಗಿ ಕೈಕೊಡುತ್ತದೆ.

ಬಜರಿನಿಂದ ಚುಕ್ಕೆ ಹುಡುಕಿ. ಇಷ್ಟುದ್ದದ ಏರಿಯಲ್ಲಿಗೆ ಕೆಡಿಕೆಎಯ ಆಗಿನ 360 ಮೀಟರ್ ಸಿಗುವುದು ಸುಮಾರು 30–35 ಸುತ್ತಿನಲ್ಲಿ. ಅದೇ ಕೇಂದ್ರ ಈಗ 1020 ಕಿಲೋಹರ್ಟ್ಸಿನಲ್ಲಿ 50 ಕಿಲೋವ್ಯಾಟಿನಿಂದ ಮಾತಾಡುತ್ತದೆ, ಅದಕ್ಕೆ 25ರ ಆಸುಪಾಸು. ಎನಾಮಲ್ ತಂತಿ ಒತ್ತಾಗಿ ಕೂರುವುದರಿಂದ ಒಂದೆರಡು ಸುತ್ತು ಕಡಿಮೆ ಸಾಕಾದೀತು. ಎಡಗೈಯನ್ನು ಅಷ್ಟು ಸುತ್ತು ಸಿಗುವ ಸ್ಕ್ರೂಗೆ ತಂದು ಬಲಗೈಯನ್ನು ನಿಧಾನವಾಗಿ ಹತ್ತೂ ಸ್ಕ್ರೂಗಳ ಮೇಲೆ ಸರಿಸಿ. ದನಿ ಬಂದ ಮೇಲೆ ಮೀಸೆಯ ಒತ್ತಡವನ್ನು ಮತ್ತೊಮ್ಮೆ ತಿದ್ದಿ. ಮೇಜು ಅಲುಗಿದರೆ, ಬಾಗಿಲು ಬಡಿದರೆ ಮೀಸೆ ಜಾರುತ್ತದೆ. ಬೇಸರಿಸಬೇಡಿ, ಅದು ಈ ಸೆಟ್ಟಿನ ಸ್ವಭಾವ. ಕೆಳಗೆ ದಪ್ಪ ಕಂಬಳಿ ಹಾಸಿ.

ಆ ದಶಕದ ಕೇಂದ್ರಗಳು 20–25 ಮೈಲಿಯೊಳಗೆ ಇದ್ದರೆ ಹಗಲಲ್ಲೂ ಕೇಳುತ್ತಿದ್ದವು. ರಾತ್ರಿ ಕೆಲವೊಮ್ಮೆ ಬಹು ದೂರದವೂ. ಮನೆಗೆ ಒಂದೇ ಜೋಡಿ ಹೆಡ್‌ಫೋನ್ ಇದ್ದರೆ ಎರಡು ಬಿಲ್ಲೆಗಳನ್ನು ಬಿಡಿಸಿ ಇಬ್ಬರು ಕೇಳುತ್ತಿದ್ದರು. ಕೇಂದ್ರ ಹತ್ತಿರವಿದ್ದು ದನಿ ಬಲವಾಗಿದ್ದರೆ ಹೆಡ್‌ಫೋನನ್ನು ಪಿಂಗಾಣಿ ಬಟ್ಟಲಿನಲ್ಲಿಟ್ಟು ಮೇಜಿನ ಸುತ್ತ ಎಲ್ಲರೂ ಕಿವಿ ಬಾಗಿಸುತ್ತಿದ್ದರು. ಇವತ್ತೂ ಇದು ಕೆಲಸ ಮಾಡುತ್ತದೆ, ಕೋಣೆ ನಿಶ್ಶಬ್ದವಾಗಿರಬೇಕಷ್ಟೆ. ಹೀಗೆ ಬಾಗಿದ ಕಿವಿಗಳಿಗೆ 1921ರ ಜನವರಿ 2ರಂದು ಪಿಟ್ಸ್‌ಬರ್ಗಿನ ಕ್ಯಾಲ್ವರಿ ಚರ್ಚಿನ ಪ್ರಾರ್ಥನೆ ಕೇಳಿಸಿತು, ಅದೇ ವರ್ಷದ ಜುಲೈ 2ರಂದು ಡೆಂಪ್ಸಿ ಮತ್ತು ಕಾರ್ಪಾಂಟಿಯೇರ ಮುಷ್ಟಿಕಾಳಗ, 1924ರಿಂದ ಷಿಕಾಗೋದ ಡಬ್ಲ್ಯುಎಲ್ಎಸ್ ಕೇಂದ್ರದ ಹಳ್ಳಿ ಪಿಟೀಲು. ಚರ್ಚಿಗೆ ಹತ್ತು ಮೈಲಿ ಗಾಡಿ ಹೂಡಬೇಕಿದ್ದ, ದನದ ಧಾರಣೆ ತಿಳಿಯಲು ಪತ್ರಿಕೆಗೆ ಕಾಯಬೇಕಿದ್ದ ಮನೆಗಳಿವು. 1930ರ ಜನಗಣತಿಯವರು ನಿಮ್ಮಲ್ಲಿ ರೇಡಿಯೋ ಇದೆಯೇ ಎಂದು ಕೇಳಿದಾಗ ನೂರಕ್ಕೆ 40 ಕುಟುಂಬಗಳು ಇದೆ ಎಂದವು. ಆ ಹೊತ್ತಿಗೆ ವಾಲ್ವ್ ಸೆಟ್ಟುಗಳು ಅಗ್ಗವಾಗಿದ್ದವು ನಿಜ, ಆದರೆ ಅವುಗಳಲ್ಲಿ ಎಷ್ಟೋ ಮನೆಗಳ ಮೊದಲ ಪೆಟ್ಟಿಗೆ ಓಟ್ಸ್ ಡಬ್ಬಿಯದೇ.

ಎರಡು ಕೇಂದ್ರ ಒಟ್ಟಿಗೆ ಕೇಳಿದರೆ ಸೆಟ್ಟು ಕೆಟ್ಟಿದೆಯೆಂದಲ್ಲ. 1923ರಲ್ಲಿ ಕೇಂದ್ರಗಳನ್ನು 550ರಿಂದ 1350 ಕಿಲೋಹರ್ಟ್ಸಿಗೆ ಹರಡಿದ ಮೇಲೆ ನ್ಯೂಯಾರ್ಕ್, ಷಿಕಾಗೋಗಳಲ್ಲಿ ಒಂಟಿ ಸುರುಳಿಯ ಸೆಟ್ಟುಗಳಿಗೆಲ್ಲ ಬಂದ ಕಷ್ಟ ಇದು. ಏರಿಯಲ್ ತಂತಿಯ ನಡುವೆ 0.0005 ಮೈಕ್ರೋಫ್ಯಾರಡಿನ ತಿರುಗುವ ಕೆಪಾಸಿಟರ್ ಸೇರಿಸಿ. ಈಗ ಸಿಗುವ 365 ಪಿಕೋಫ್ಯಾರಡಿನದೂ ಆದೀತು. ಅದನ್ನು ಕಡಿಮೆ ಮಾಡುತ್ತ, ಸುರುಳಿಯ ಸುತ್ತು ಹೆಚ್ಚಿಸುತ್ತ ಹೋದರೆ ದನಿ ತುಸು ಇಳಿದರೂ ಕೇಂದ್ರಗಳು ಬೇರೆಯಾಗುತ್ತವೆ.

ಏನೂ ಕೇಳದಿದ್ದರೆ ಈ ಕ್ರಮದಲ್ಲಿ ಹೋಗಿ. ಹೆಡ್‌ಫೋನಿನ ತುದಿಗಳನ್ನು ಸೆಲ್ಲಿಗೆ ಒಮ್ಮೆ ಮುಟ್ಟಿಸಿ ತೆಗೆಯಿರಿ, ಟಕ್ಕೆನ್ನಬೇಕು. ಬಜರ್ ಹಚ್ಚಿ, ಗುಂಯ್ ಕೇಳಿದರೆ ಹರಳೂ ಜೋಡಣೆಯೂ ಸರಿ, ತಪ್ಪು ಹೊರಗಿನದು. ಅರ್ಥ್ ತಂತಿ ಕಳಚಿ ಮತ್ತೆ ತಾಗಿಸಿ. ದನಿಯಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಅರ್ಥ್ ಇಲ್ಲವೆಂದೇ ಲೆಕ್ಕ. ಕೊನೆಗೆ ಹೊರಗಿನ ಚಾಕು ಸ್ವಿಚ್ ನೆಲದ ಕಡೆ ಇದೆಯೇ ನೋಡಿ. ಗಂಟೆಗಟ್ಟಲೆ ಹರಳು ಕೆದಕಿದ ಮೇಲೆ ಸಿಗುವ ಕಾರಣ ಅನೇಕ ಸಲ ಇದೇ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಸೆಟ್ಟು ಸುಲಭ: ಪಿಟ್ಸ್‌ಬರ್ಗಿನ ಕೆಡಿಕೆಎ, ಷಿಕಾಗೋದ 890 ಕಿಲೋಹರ್ಟ್ಸಿನ ಡಬ್ಲ್ಯುಎಲ್ಎಸ್, ನ್ಯಾಶ್ವಿಲ್ಲಿನ 650ರ ಡಬ್ಲ್ಯುಎಸ್ಎಂ, ಎಲ್ಲವೂ ಆ ದಶಕದಲ್ಲೇ ಹುಟ್ಟಿದವು. ಹಿತ್ತಲಿಲ್ಲದವರು ಮಾಳಿಗೆಯೊಳಗೆ 50 ಅಡಿ ತಂತಿ ಎಳೆದರೂ ಹತ್ತಿರದ ಕೇಂದ್ರ ಸಿಗುತ್ತದೆ. ಕರ್ನಾಟಕದಲ್ಲಿ ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ತಾಣ 612 ಕಿಲೋಹರ್ಟ್ಸ್. ಅದಕ್ಕೆ 48–50 ಸುತ್ತು ಬೇಕು. ಆಕಾಶವಾಣಿ ಹಲವು ಮೀಡಿಯಂ ವೇವ್ ಪ್ರಸಾರಕಗಳನ್ನು ನಿಲ್ಲಿಸಿರುವುದರಿಂದ ತಂತಿ ಕೊಳ್ಳುವ ಮೊದಲು ಮಾಮೂಲಿ ರೇಡಿಯೋದಲ್ಲಿ ನಿಮ್ಮ ಊರಿಗೆ ಬಲವಾದ ಮೀಡಿಯಂ ವೇವ್ ದನಿ ಬರುತ್ತದೆಯೇ ಕೇಳಿ ನೋಡಿ. ಎಫ್‌ಎಂ ಇದರಲ್ಲಿ ಬರುವುದಿಲ್ಲ.

ಕೇಳಿ ಮುಗಿದ ಮೇಲೆ ಮೀಸೆಯನ್ನು ಹರಳಿನಿಂದ ಎತ್ತಿ, ಧೂಳು ಕೂರದಂತೆ ಮೇಲೊಂದು ಗಾಜಿನ ಲೋಟ ಬೋರಲು ಹಾಕಿ. ಹೊರಗೆ ಹೋಗಿ ಚಾಕು ಸ್ವಿಚ್ಚನ್ನು ನೆಲದ ಕಡೆಗೆ ಒತ್ತಿ ಬಂದು ಮಲಗಿ, ಆಕಾಶದಲ್ಲಿ ಮೋಡವಿರಲಿ ಇಲ್ಲದಿರಲಿ. ಆಗಲೇ ಗುಡುಗು ಕೇಳುತ್ತಿದ್ದರೆ ಸ್ವಿಚ್ಚಿನ ಹತ್ತಿರಕ್ಕೂ ಹೋಗಬೇಡಿ, ಸೆಟ್ಟಿನಿಂದ ದೂರವಿರಿ.